ತೆಂಗಿನೆಣ್ಣೆಯ ಅಯೋಡಿನ್ ಮೌಲ್ಯ ಹುಟ್ಟಿದ ಬಗೆ

ಕಾಸರಗೋಡಿನ ಮಿಲ್ಲಿನ ಅಪ್ಪಟ ತೆಂಗಿನೆಣ್ಣೆಯೂ ಬ್ರೋಮಿನ್ನಿನ ಬಣ್ಣ ಇಳಿಸುತ್ತದೆ, ಸೂರ್ಯಕಾಂತಿ ಎಣ್ಣೆಯೂ ಇಳಿಸುತ್ತದೆ. ಬಣ್ಣ ಹೋದರೆ ದ್ವಿಬಂಧ (ಎರಡು ಇಂಗಾಲದ ಪರಮಾಣುಗಳ ನಡುವಿನ ಜೋಡಿ ಕೊಂಡಿ) ಇದೆಯೆಂದು ಗೊತ್ತಾಗುತ್ತದೆ, ಎಷ್ಟಿದೆಯೆಂದು ಗೊತ್ತಾಗುವುದಿಲ್ಲ. ಕಲಬೆರಕೆ ಹಿಡಿಯಲು ಬೇಕಾದದ್ದು ಆ ‘ಎಷ್ಟು’. ಅದು ಕೈಗೆ ಸಿಗಲು ತೊಂಬತ್ತು ವರ್ಷದಷ್ಟು ಕಾಲ ಹಿಡಿಯಿತು.

1790ರ ದಶಕದಲ್ಲಿ ಡಚ್ ವಿಜ್ಞಾನಿಗಳು ಎಥಿಲೀನಿಗೆ ಕ್ಲೋರಿನ್ ಸೇರಿಸಿದಾಗ ಎಣ್ಣೆಯಂಥ ದ್ರವ ಬಂತು. ದ್ವಿಬಂಧವಿರುವ ಹೈಡ್ರೋಕಾರ್ಬನ್‌ಗಳಿಗಿರುವ ಒಲಿಫಿನ್ ಎಂಬ ಹೆಸರಿನ ಬೇರು ಅಲ್ಲಿದೆ. 1826ರಲ್ಲಿ ಬಾಲಾರ್ ಬ್ರೋಮಿನ್ ಕಂಡುಹಿಡಿದರು. ಮುಂದೆ ಅದರ ಬಣ್ಣ ಮಾಯವಾಗುವುದೇ ಅಪರ್ಯಾಪ್ತತೆಯ, ಅಂದರೆ ದ್ವಿಬಂಧ ಇರುವುದರ, ಗುರುತಾಯಿತು. ದ್ವಿಬಂಧ ಗುರುತಿಸುವ ಇನ್ನೊಂದು ವಿಧಾನವಾದ ಬೇಯರ್ ಪರೀಕ್ಷೆಯಲ್ಲಿ ತಣ್ಣಗಿನ, ತೆಳು ಪರ್ಮಾಂಗನೇಟಿನ ನೇರಳೆ ಹೋಗಿ ಕಂದು ಗಸಿ ಕೂರುತ್ತದೆ. ಆಲ್ಡಿಹೈಡ್ ಇದ್ದರೂ ಹಾಗೇ ಆಗುವುದರಿಂದ ಅದೊಂದನ್ನೇ ನಂಬುವಂತಿಲ್ಲ.

1884ರಲ್ಲಿ ಹ್ಯೂಬ್ಲ್ ಲೆಕ್ಕಕ್ಕೆ ದಾರಿ ಮಾಡಿದರು: 100 ಗ್ರಾಂ ಎಣ್ಣೆ ಎಷ್ಟು ಗ್ರಾಂ ಅಯೋಡಿನ್ ಹಿಡಿದುಕೊಳ್ಳುತ್ತದೆ? ಆ ಅಂಕಿಯೇ ಅಯೋಡಿನ್ ಮೌಲ್ಯ. ಅವರ ದ್ರಾವಣ ಬೇಗ ಸತ್ವ ಕಳೆದುಕೊಳ್ಳುತ್ತಿತ್ತು, ಗಂಟೆಗಟ್ಟಲೆ ಕಾಯಬೇಕಿತ್ತು. 1898ರಲ್ಲಿ ವೈಸ್ ಅಸಿಟಿಕ್ ಆಮ್ಲದಲ್ಲಿ ಅಯೋಡಿನ್ ಮಾನೊಕ್ಲೋರೈಡ್ ಬಳಸಿ ಕಾಯುವುದನ್ನು ಅರ್ಧ ಗಂಟೆಗೆ ಇಳಿಸಿದರು.

ಇಂದಿಗೂ ಕೆಲಸ ಹೀಗೇ. ಒಣಗಿದ ಗಾಜಿನ ಬಿರಡೆಯ ಫ್ಲಾಸ್ಕಿಗೆ 3 ಗ್ರಾಂ ತೆಂಗಿನೆಣ್ಣೆ ತೂಗಿ, ದ್ರಾವಕದಲ್ಲಿ ಕರಗಿಸಿ, 25 ಮಿ.ಲೀ. ವೈಸ್ ದ್ರಾವಣ ಹಾಕಿ 30 ನಿಮಿಷ ಕತ್ತಲಲ್ಲಿಡಬೇಕು. ಫ್ಲಾಸ್ಕ್ ಒದ್ದೆಯಿದ್ದರೆ ಮಾನೊಕ್ಲೋರೈಡ್ ಅಲ್ಲೇ ಕೆಡುತ್ತದೆ. ಮಳೆಗಾಲದಲ್ಲಿ ಈ ಎಚ್ಚರ ದುಪ್ಪಟ್ಟು ಬೇಕು. ಆಮೇಲೆ ಪೊಟ್ಯಾಸಿಯಂ ಅಯೋಡೈಡ್ ಮತ್ತು ನೀರು ಹಾಕಿ, ಎಣ್ಣೆ ಹಿಡಿಯದೆ ಉಳಿದ ಅಯೋಡಿನ್ ಎಷ್ಟೆಂದು ತಿಳಿಯಲು ಥಯೋಸಲ್ಫೇಟನ್ನು ಅಳೆದು ಹನಿಸಿ ಟೈಟ್ರೇಟ್ ಮಾಡುವುದು. ಬಣ್ಣ ತಿಳಿಹಳದಿಗೆ ಬಂದ ಮೇಲೆಯೇ ಗಂಜಿಯ ದ್ರಾವಣ. ಮೊದಲೇ ಹಾಕಿದರೆ ಅದು ಅಯೋಡಿನ್ನನ್ನು ಬಿಗಿಯಾಗಿ ಹಿಡಿದುಕೊಂಡು, ನೀಲಿ ಹೋಗುವ ಕೊನೆ ತಪ್ಪುತ್ತದೆ. ಕೊನೆಯಲ್ಲಿ ಚೆನ್ನಾಗಿ ಕುಲುಕದಿದ್ದರೆ ದ್ರಾವಕದ ಪದರದಲ್ಲಿ ಅಡಗಿದ ಅಯೋಡಿನ್ ಹಾಗೇ ಉಳಿಯುತ್ತದೆ. ಎಣ್ಣೆಯಿಲ್ಲದ ಫ್ಲಾಸ್ಕಿಗೆ 50.0, ಎಣ್ಣೆಯದಕ್ಕೆ 31.1 ಮಿ.ಲೀ. ಡೆಸಿನಾರ್ಮಲ್ (0.1 ನಾರ್ಮಲ್ ಸಾಂದ್ರತೆಯ) ಥಯೋಸಲ್ಫೇಟ್ ಹಿಡಿದರೆ ವ್ಯತ್ಯಾಸ 18.9. ಅದನ್ನು 0.1ರಿಂದಲೂ ಅಯೋಡಿನ್ನಿನ ಪರಮಾಣು ತೂಕದಿಂದ ಬಂದ 12.69ರಿಂದಲೂ ಗುಣಿಸಿ 3ರಿಂದ ಭಾಗಿಸಿದರೆ ಸುಮಾರು 8.

ನಮ್ಮ ಆಹಾರ ನಿಯಮ ತೆಂಗಿನೆಣ್ಣೆಗೆ ಕೊಟ್ಟ ಮಿತಿ 7.5ರಿಂದ 10. ಪಾಮೋಲಿನ್‌ದು 56ರ ಆಸುಪಾಸು, ಹಾಗಾಗಿ ಹತ್ತರಲ್ಲೊಂದು ಪಾಲು ಬೆರೆತರೂ ಅಂಕಿ ಹೇಳುತ್ತದೆ. ಆದರೆ 80 ಪಾಲು ತೆಂಗಿನೆಣ್ಣೆಗೆ 5 ಪಾಲು ಪಾಮೋಲಿನ್, 15 ಪಾಲು ಲಿಕ್ವಿಡ್ ಪ್ಯಾರಫಿನ್ (ಪೆಟ್ರೋಲಿಯಂನಿಂದ ಬರುವ ಖನಿಜ ಎಣ್ಣೆ) ಸೇರಿಸಿದರೆ 9.2ರ ಆಸುಪಾಸು ಬಂದು ಎಣ್ಣೆ ಪಾಸಾಗುತ್ತದೆ; ಪ್ಯಾರಫಿನ್ನಿನಲ್ಲಿ ದ್ವಿಬಂಧವೇ ಇಲ್ಲ. ಇಂಥದ್ದನ್ನು ಹಿಡಿಯಲು ಮದ್ಯಸಾರದಲ್ಲಿ ಕರಗಿಸಿದ ಕಾಸ್ಟಿಕ್ ಪೊಟ್ಯಾಷ್ ಹಾಕಿ ಎಣ್ಣೆಯನ್ನು ಕುದಿಸಿ ಸಾಬೂನು ಮಾಡಬೇಕು. ಮೇಲೆ ಬಿಸಿನೀರು ಹುಯ್ದಾಗ ಶುದ್ಧ ಎಣ್ಣೆಯದು ತಿಳಿಯಾಗಿರುತ್ತದೆ, ಪ್ಯಾರಫಿನ್ ಇದ್ದದ್ದು ಕದಡುತ್ತದೆ.