ಲಾರಿಯ ಎಡಗಡೆ: ಎಲ್‌ಎಲ್ (ಲರ್ನರ್ ಲೈಸೆನ್ಸ್) ಪರೀಕ್ಷೆಗೆ ಓದುತ್ತಿರುವವರಿಗೆ ಒಂದು ಟಿಪ್ಪಣಿ

ಕಲಬುರಗಿಯ ನೆಹರು ಗಂಜ್‌ನಲ್ಲಿ ತೊಗರಿ ಇಳಿಸಲು ನಿಂತಿದ್ದ ನಮ್ಮ ಕಾಕಾನ ಲಾರಿ ಹತ್ತಿ, ಸುಮ್ನೆ ಡ್ರೈವರ್ ಸೀಟಿನಲ್ಲಿ ಕೂತೆ. ನನ್ನ ಸ್ಕೂಟಿ ಎಡ ಬಾಗಿಲಿನ ಕೆಳಗೇ ಇತ್ತು. ಕಿಟಕಿಯಲ್ಲಿ ನೋಡಿದೆ, ಕನ್ನಡಿಯಲ್ಲಿ ನೋಡಿದೆ, ಇಲ್ಲ. "ಕಾಕಾ, ನನ್ನ ಗಾಡಿ ಯಾರೋ ಒಯ್ದಾರ!" ಅಂದೆ. ಕಾಕಾ ನಕ್ಕು, "ಕೆಳಗ ಇಳದು ನೋಡು" ಅಂದ. ಅಲ್ಲೇ ಇತ್ತು!

ಡ್ರೈವರ್‌ಗೆ ನೇರವಾಗಿಯೂ ಕಾಣದ, ಕನ್ನಡಿಯಲ್ಲೂ ಬೀಳದ ಜಾಗವೇ ಬ್ಲೈಂಡ್ ಸ್ಪಾಟ್. ಲಾರಿಗೆ ಇದು ನಾಲ್ಕೂ ಕಡೆ ಇದೆ. ಹಿಂದಿನದು ನಮಗೆ ಗೊತ್ತಿರುವುದೇ. ರಿವರ್ಸ್ ಹೋಗುವಾಗ ಯಾರಾದರೂ ಇಳಿದು ಬಾಡಿ ತಟ್ಟುತ್ತಾ "ಆನೇ ದೋ, ಆನೇ ದೋ" ಅನ್ನುವುದು ಅದಕ್ಕೇ. ಮುಂದಿನದು ಸೀಟಿನ ಎತ್ತರದಿಂದ ಬರುತ್ತದೆ. ಬಂಪರ್‌ಗೆ ತಾಗಿದಂತೆ ದಾಟುವ ಮಗು ಗಾಜಿನ ಕೆಳಗೇ ಉಳಿದುಬಿಡುತ್ತದೆ.

ಎಡಗಡೆಯದು ಜಾಸ್ತಿ ದೊಡ್ಡದು. ನಮ್ಮಲ್ಲಿ ಡ್ರೈವರ್ ಬಲಕ್ಕೆ ಕೂರುತ್ತಾನೆ, ಎಡ ಬಾಗಿಲು ಅವನಿಂದ ದೂರ. ಅಮೆರಿಕದ ವಿಡಿಯೋ ನೋಡಿ ಓದುವವರು ಹುಷಾರು. ಅಲ್ಲಿ ಸ್ಟೇರಿಂಗ್ ಎಡಕ್ಕೆ, ಹಾಗಾಗಿ ಅವರ ಚಿತ್ರದಲ್ಲಿ ಬಲಗಡೆ ದೊಡ್ಡದಾಗಿರುತ್ತದೆ. ನಾವು ತಿರುಗಿಸಿ ಓದಬೇಕು.

ಇನ್ನು ತಿರುವು. ಇದನ್ನು ಎರಡು ಸಲ ಓದಿ. ಸೇಡಂ, ಮಳಖೇಡದ ಕಡೆಯಿಂದ ಸಿಮೆಂಟ್ ತುಂಬಿಕೊಂಡು ಬರುವ ಲಾರಿ ರಿಂಗ್ ರೋಡಿನಲ್ಲಿ ಎಡಕ್ಕೆ ತಿರುಗುವ ಮುಂಚೆ ಸ್ವಲ್ಪ ಬಲಕ್ಕೆ ಸರಿಯುತ್ತದೆ. ಎಡಕ್ಕೆ ಜಾಗ ಬಿಟ್ಟಂತೆ ಕಾಣುತ್ತದೆ. ಬೈಕಿನವರು ನುಗ್ಗುತ್ತಾರೆ. ಆದರೆ ಹಿಂದಿನ ಗಾಲಿ ಮುಂದಿನ ಗಾಲಿಯ ದಾರಿಯಲ್ಲಿ ಬರುವುದಿಲ್ಲ, ಒಳಗೆ ಕತ್ತರಿಸಿಕೊಂಡು ಬರುತ್ತದೆ.

ಎಷ್ಟು ಒಳಗೆ? ಹತ್ತನೇ ತರಗತಿಯ ಪೈಥಾಗೊರಸ್ ಸಾಕು. ಮುಂದಿನ, ಹಿಂದಿನ ಅಚ್ಚುಗಳ (ಆಕ್ಸಲ್) ನಡುವೆ 6 ಮೀಟರ್ ಅಂತಿಟ್ಟುಕೊಳ್ಳಿ. ಮುಂದಿನ ಅಚ್ಚು 10 ಮೀಟರ್ ತ್ರಿಜ್ಯದ ವೃತ್ತದಲ್ಲಿ ಸುತ್ತುತ್ತಿದೆ. ಕರ್ಣ 10ರ ವರ್ಗ 100, ಅದರಲ್ಲಿ 6ರ ವರ್ಗ 36 ಕಳೆದರೆ 64, ಅದರ ವರ್ಗಮೂಲ 8. ಅಂದರೆ ಹಿಂದಿನ ಅಚ್ಚು 8 ಮೀಟರ್ ವೃತ್ತದಲ್ಲಿ, 2 ಮೀಟರ್ ಒಳಗೆ. ಚಿಕ್ಕ ತಿರುವಿನಲ್ಲಿ ಪೂರ್ತಿ ಇಷ್ಟು ಆಗದೆ ಇರಬಹುದು. ಆದರೆ ಸ್ಕೂಟಿಯ ಅಗಲ ಒಂದು ಮೀಟರೂ ಇಲ್ಲ, ಅಲ್ವಾ? ಲಾರಿ ಉದ್ದವಾದಷ್ಟೂ ಈ ಕತ್ತರಿ ದೊಡ್ಡದು.

ಅದಕ್ಕೇ ಎಡ ಇಂಡಿಕೇಟರ್ ಹಾಕಿದ ಲಾರಿಯ ಹಿಂದೆಯೇ ನಿಲ್ಲಿ. ಅದರ ಕನ್ನಡಿಯಲ್ಲಿ ಡ್ರೈವರ್ ಮುಖ ನಿಮಗೆ ಕಾಣದಿದ್ದರೆ ಅವನಿಗೂ ನೀವು ಕಾಣುವುದಿಲ್ಲ. ಕಂಡರೂ ಪೂರ್ತಿ ನಂಬಬೇಡಿ, ಆ ಹೊತ್ತಿಗೆ ಅವನು ಬಲಕ್ಕೆ ನೋಡುತ್ತಿರಬಹುದು. ಓವರ್‌ಟೇಕ್ ಮಾಡುವುದಾದರೆ ಬಲಗಡೆಯಿಂದ, ಪಕ್ಕದಲ್ಲಿ ಜೊತೆಜೊತೆಗೆ ಓಡದೆ ಮಾಡಿ.

ಮೊದಲೆಲ್ಲಾ ಎಡಗಡೆ ನೋಡುವ ಕೆಲಸ ಕ್ಲೀನರ್‌ನದಾಗಿತ್ತು. ಕಾಕಾನ ಲಾರಿಗೆ ಹೋದ ವರ್ಷದಿಂದ ಕ್ಲೀನರ್ ಇಲ್ಲ. ಗಂಜ್‌ನಲ್ಲಾದರೆ ಹಮಾಲರು "ಆನೇ ದೋ" ಅನ್ನುತ್ತಾರೆ. ರಿಂಗ್ ರೋಡಿನಲ್ಲಿ ಆ ಸೀಟು ಖಾಲಿ.