ಇಬ್ಬರು ವೈದ್ಯರ ನಡುವೆ ನಿಂತುಹೋಗುವ ಗುಳಿಗೆ

ಸಂಧಿವಾತ ಶ್ವಾಸಕೋಶವನ್ನೂ ಹಿಡಿಯಬಹುದು ಎಂದರೆ ನನ್ನ ರೋಗಿಗಳು ಈಗ ನಂಬುತ್ತಾರೆ. ಆದರೆ ಎದೆಯ ಒಂದೇ ಸಿ.ಟಿ. ಸ್ಕ್ಯಾನ್ ನೋಡಿ ಇಬ್ಬರು ವೈದ್ಯರು ಎರಡು ಮಾತು ಹೇಳಿದರೆ, ಒಬ್ಬರು ಸುಳ್ಳು ಹೇಳಿದ್ದಾರೆಂದೇ ತೀರ್ಮಾನ. ಇಲ್ಲಿ ಮುಂಬಯಿಯಲ್ಲಿ ಮಾಟುಂಗದ ವೈದ್ಯರ ಮಾತಿಗೂ ಅಂಧೇರಿಯವರ ಮಾತಿಗೂ ತಾಳೆಯಾಗದಿದ್ದರೆ ಮನೆಯವರೆಲ್ಲ ಸೇರಿ ಗುಳಿಗೆಯನ್ನೇ ನಿಲ್ಲಿಸುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲಿ.

ಡೊಂಬಿವಲಿಯಲ್ಲಿರುವ ಕುಂದಾಪುರ ಕಡೆಯ ತಾಯಿಯೊಬ್ಬರಿಗೆ ಒಣಕೆಮ್ಮು. ಸಂಧಿವಾತಕ್ಕೆ ನುಂಗುವ ಮೆಥೋಟ್ರೆಕ್ಸೇಟ್ ಗುಳಿಗೆಯಿಂದಲೇ ಹೀಗಾಗಿದೆ ಎಂದರು ಒಬ್ಬರು. ಮುಂದುವರಿಸಿ ಎಂದರು ಇನ್ನೊಬ್ಬರು. ಆಕೆಯ ಭಾವನವರು ಗುಳಿಗೆ ನಿಲ್ಲಿಸಿಬಿಟ್ಟರು. ನನ್ನೆದುರು ಕುಳಿತಾಗ ಆಕೆಗೆ ಕೈಚೀಲದ ಜಿಪ್ ಎಳೆಯಲಾಗಲಿಲ್ಲ, ಬೆರಳುಗಳು ಅಷ್ಟು ಊದಿದ್ದವು. ಕೆಮ್ಮು ಮಾತ್ರ ಹಾಗೆಯೇ ಇತ್ತು. ಹಳೆಯ ಸಿ.ಟಿ. ಎಲ್ಲಿ ಎಂದರೆ, "ಊರಿನ ಮನೆಯ ಅಟ್ಟದಲ್ಲಿದೆ ಡಾಕ್ಟರೇ." ಬಸ್ಸಿನಲ್ಲಿ ತರಿಸಿ ನೋಡಿದೆವು. ಶ್ವಾಸಕೋಶದ ಕಲೆಗಳು ಆಗಲೂ ಹೆಚ್ಚುಕಡಿಮೆ ಅಷ್ಟೇ ಇದ್ದವು.

ಮೆಥೋಟ್ರೆಕ್ಸೇಟ್ ಅಪರೂಪಕ್ಕೆ ಶ್ವಾಸಕೋಶದಲ್ಲಿ ದಿಢೀರ್ ಉರಿಯೂತ ತರುವುದುಂಟು. ನಿಧಾನವಾಗಿ ಬಲಿಯುವ ಕಲೆಗೆ ಮಾತ್ರ ಬಹುಮಟ್ಟಿಗೆ ರೋಗವೇ ಕಾರಣ ಎನ್ನುವತ್ತ ಈಚಿನ ಅಧ್ಯಯನಗಳು ವಾಲುತ್ತವೆ. ಇದರ ಮೇಲೆ ಈ ಊರಿನ ಪಾರಿವಾಳಗಳು: ಅವುಗಳ ಹಿಕ್ಕೆ, ಗರಿಯ ಧೂಳಿನಿಂದಾಗುವ ಉರಿಯೂತವೂ ಸಿ.ಟಿ.ಯಲ್ಲಿ ಇದನ್ನೇ ಹೋಲಬಹುದು. ಅಡುಗೆಮನೆಯ ಕಿಟಕಿಯ ಬಗ್ಗೆ ಕೇಳಿದ ವೈದ್ಯರು ಒಂದು ಹೇಳುತ್ತಾರೆ, ಕೇಳದವರು ಇನ್ನೊಂದು.

ಗ್ರಂಥಸ್ಥ ಸಲಹೆಯೂ ಗಟ್ಟಿಯಾಗಿಲ್ಲ. ಅಮೆರಿಕದ ಸಂಧಿವಾತ ಮತ್ತು ಎದೆರೋಗ ತಜ್ಞರ ಸಂಘಗಳು ಇಂಥ ರೋಗಗಳು ಶ್ವಾಸಕೋಶ ಹಿಡಿದಾಗ ಏನು ಮಾಡಬೇಕೆಂದು 2023ರಲ್ಲಿ ಕೊಟ್ಟ ಮಾರ್ಗಸೂಚಿಯ ಬಹುಪಾಲು ಸಲಹೆಗಳು ಷರತ್ತಿನವು, ಅಂದರೆ ರೋಗಿಯನ್ನು ನೋಡಿ ನಿರ್ಧರಿಸಬೇಕಾದವು, ಏಕೆಂದರೆ ಪುರಾವೆ ತೆಳು. ಖಡಾಖಂಡಿತವಾಗಿ ಹೇಳಿದ ಕೆಲವೇ ಮಾತುಗಳಲ್ಲಿ ಒಂದು: ಚರ್ಮ ಬಿಗಿಯುವ ಸ್ಕ್ಲೆರೋಡರ್ಮದಲ್ಲಿ ಶ್ವಾಸಕೋಶಕ್ಕೆಂದು ಮೊದಲಿಗೇ ಸ್ಟೀರಾಯ್ಡ್ ಬೇಡ. ದೊಡ್ಡ ಪ್ರಮಾಣದಲ್ಲಿ ಕೊಟ್ಟರೆ ಅಲ್ಲಿ ಮೂತ್ರಪಿಂಡವೇ ಕೈಕೊಡುವ ಭಯವಿದೆ. ಇದೇ ಬಗೆಯ ಇತರ ರೋಗಗಳಲ್ಲಿ ಅದೇ ಸ್ಟೀರಾಯ್ಡ್ ಮೊದಲ ಆಯ್ಕೆಗಳಲ್ಲೊಂದು. ಪಕ್ಕದ ಮನೆಯವರ ಚೀಟಿಯನ್ನು ನಿಮ್ಮದರ ಜೊತೆ ಹೋಲಿಸಬೇಡಿ ಎನ್ನುವುದು ಇದಕ್ಕೇ.

ಈಗ ನಾನು ಎಷ್ಟು ಸಲ ಹೇಳಿದರೂ ಸಾಲದ ಮಾತು. ಊದುವ ಪರೀಕ್ಷೆಯಲ್ಲಿ ಎಫ್‌ವಿಸಿ, ಅಂದರೆ ಪೂರ್ತಿ ಉಸಿರೆಳೆದು ಜೋರಾಗಿ ಊದಿ ಹೊರಹಾಕಿದ ಗಾಳಿ, ಇರಬೇಕಾದ್ದರ 70 ಶೇಕಡಾ ಬಂತೆನ್ನಿ. ಕಳೆದ ವರ್ಷ 72 ಇದ್ದಿದ್ದರೆ ನಾನು ಕಾಯಬಹುದು. 85 ಇದ್ದಿದ್ದರೆ ಶ್ವಾಸಕೋಶದ ಕಲೆಗೆ ಕೊಡುವ ಮೈಕೋಫಿನೊಲೇಟ್, ನಿಂಟೆಡಾನಿಬ್ ಔಷಧಿಗಳ ಬಗ್ಗೆ ಅಂದೇ ಮಾತಾಡುತ್ತೇನೆ. ಸಂಖ್ಯೆ ಅದೇ 70, ಚಿಕಿತ್ಸೆ ಬೇರೆ. ಹಳೆಯ ಸಂಖ್ಯೆ ಕಂಡ ವೈದ್ಯರೂ ಕಾಣದ ವೈದ್ಯರೂ ಒಂದೇ ಮಾತು ಹೇಳುವುದು ಹೇಗೆ? ಆದ್ದರಿಂದ ವರದಿಯ ಕಾಗದ ಮಾತ್ರವಲ್ಲ, ಸಿ.ಟಿ.ಯ ಫಿಲ್ಮ್ ಅಥವಾ ಸಿ.ಡಿ., ಹಳೆಯ ಊದುವ ಪರೀಕ್ಷೆ ಎಲ್ಲವನ್ನೂ ತನ್ನಿ. ಸಾಧ್ಯವಾದರೆ ಪ್ರತಿಸಲವೂ ಒಂದೇ ಕಡೆ ಊದಿ. ಒಬ್ಬ ವೈದ್ಯರ ಚೀಟಿಯನ್ನು ಇನ್ನೊಬ್ಬರಿಂದ ಬಚ್ಚಿಡಬೇಡಿ, ನಮಗೆ ಬೇಸರವಾಗುವುದಿಲ್ಲ.

ಅಂತಿಮ ಮಾತು ನಿಮ್ಮನ್ನು ಪರೀಕ್ಷಿಸಿದವರದೇ. ಆದರೆ ಮೆಥೋಟ್ರೆಕ್ಸೇಟ್ ನುಂಗುತ್ತಿರುವಾಗ ಕೆಲವೇ ದಿನಗಳಲ್ಲಿ ಜ್ವರ, ಒಣಕೆಮ್ಮು, ಏದುಸಿರು ಒಟ್ಟಿಗೇ ಬಂದರೆ ಮುಂದಿನ ಗುಳಿಗೆ ತೆಗೆದುಕೊಳ್ಳದೆ ಅಂದೇ ಆಸ್ಪತ್ರೆಗೆ ಬನ್ನಿ. ಫಿಲ್ಮ್ ಹುಡುಕುತ್ತ ಕೂರಬೇಡಿ.