ಗೊಂಬೆಯ ತಲೆಯ ಸುತ್ತಳತೆ

ಒಂದೇ ತಯಾರಕರ ಗುರುತು, ಒಂದೇ ಅಚ್ಚಿನ ಸಂಖ್ಯೆ, ಒಂದೇ ಗಾತ್ರದ ಸಂಖ್ಯೆ ಇರುವ ಎರಡು ಪಿಂಗಾಣಿ ಗೊಂಬೆಗಳ ತಲೆಗೆ ಟೇಪು ಸುತ್ತಿ ನೋಡಿದಾಗ ಒಂದು 30 ಸೆಂಟಿಮೀಟರ್, ಇನ್ನೊಂದು 26 ಸೆಂಟಿಮೀಟರ್ ಬಂದರೆ, ಚಿಕ್ಕದರ ಮೇಲೆ ಅನುಮಾನಪಡಬೇಕು. ಇದರ ಕಾರಣ ಆವಿಗೆಯಲ್ಲಿದೆ. ಪಿಂಗಾಣಿಯೆಂದರೆ ಕೆಯೊಲಿನ್ ಎಂಬ ಬಿಳಿ ಜೇಡಿ, ಫೆಲ್ಡ್‌ಸ್ಪಾರ್ ಮತ್ತು ಬೆಣಚುಕಲ್ಲಿನ ಪುಡಿಗಳ ಮಿಶ್ರಣ. ಅದನ್ನು 1200 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖದಲ್ಲಿ ಸುಟ್ಟಾಗ ಫೆಲ್ಡ್‌ಸ್ಪಾರ್ ಕರಗಿ ಗಾಜಿನಂತಾಗಿ, ಕಣಗಳ ನಡುವಿನ ಸಂದುಗಳನ್ನು ತುಂಬಿ, ಅವನ್ನು ಒಂದಕ್ಕೊಂದು ಹತ್ತಿರ ಎಳೆದುಕೊಳ್ಳುತ್ತದೆ. ಒಣಗುವಾಗ ಆಗುವ ಇಳಿತವೂ ಸೇರಿದರೆ ಉದ್ದಗಲಗಳು ಶೇಕಡಾ 12ರಿಂದ 15ರಷ್ಟು ಕುಗ್ಗುತ್ತವೆ. ಹಳೆಯ ಗೊಂಬೆಯ ತಲೆಯಿಂದಲೇ ಅಚ್ಚು ತೆಗೆದು ನಕಲು ಮಾಡುವವನಿಗೆ ಹಿಂದಲೆಯ ಗುರುತು ಅಕ್ಷರಶಃ ಸಿಗುತ್ತದೆ, ಆದರೆ ಅವನ ಆವಿಗೆಯಿಂದ ಹೊರಬರುವ ತಲೆ ಮೂಲಕ್ಕಿಂತ ಚಿಕ್ಕದಾಗಿಯೇ ಇರುತ್ತದೆ. ಪ್ಯಾರಿಸ್ಸಿನ ಜುಮೋ ಮತ್ತು ಬ್ರೂ ಎಂಬ ತಯಾರಕರ ಗೊಂಬೆಗಳಿಗೆ ನಕಲುಗಳು ವಿಪರೀತವಾಗಿರುವುದರಿಂದ ಈ ಅಳತೆಯನ್ನು ಯಾವ ಪ್ರಮಾಣಪತ್ರಕ್ಕಿಂತಲೂ ಹೆಚ್ಚು ನಂಬಬಹುದು.

ಸಂಗ್ರಾಹಕರು ಬೆನ್ನುಹತ್ತುವ ಗೊಂಬೆಗಳಲ್ಲಿ ಹೆಚ್ಚಿನವು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳವರೆಗೆ ಫ್ರಾನ್ಸಿನಲ್ಲಿ ಮತ್ತು ಜರ್ಮನಿಯ ಥುರಿಂಜಿಯಾ ಪ್ರಾಂತ್ಯದಲ್ಲಿ ತಯಾರಾದವು. ಇವುಗಳ ತಲೆ 'ಬಿಸ್ಕ್', ಅಂದರೆ ಗಾಜಿನ ಲೇಪವಿಲ್ಲದ ಪಿಂಗಾಣಿ. ನಮ್ಮಲ್ಲಿ ನವರಾತ್ರಿಯ ಗೊಂಬೆ ಸಾಲಿನಲ್ಲಿ ಕೂರುವ ಹೊಳಪಿನ ಪಿಂಗಾಣಿ ಮೂರ್ತಿಗಳಿಗೆ ಆ ಲೇಪವಿರುವುದರಿಂದ ಅವು ಬೇರೆಯೇ ಜಾತಿ. ಬಿಸ್ಕಿನ ಮೇಲೆ ಕೆನ್ನೆ, ತುಟಿ, ಹುಬ್ಬುಗಳ ಬಣ್ಣ ಹಚ್ಚಿ ಮತ್ತೊಮ್ಮೆ ಕಡಿಮೆ ಶಾಖದಲ್ಲಿ ಸುಡುತ್ತಿದ್ದರು. ಆದ್ದರಿಂದ ಬಣ್ಣ ಮೈಯೊಳಗೇ ಸೇರಿಕೊಂಡಂತಿದ್ದು, ಬೆರಳಿನಿಂದ ಉಜ್ಜಿದರೆ ಹೋಗುವುದಿಲ್ಲ. ಸುಡದೆ ಬಣ್ಣ ಹಚ್ಚಿದ ಅಗ್ಗದ ಗೊಂಬೆಗಳು ಮುಂದೆ ಬಂದವು, ಅವುಗಳ ಕೆನ್ನೆ ಸುಲಭವಾಗಿ ಸವೆಯುತ್ತದೆ.

ವಿಗ್ ಮತ್ತು ಅದರ ಕೆಳಗಿನ ನೆತ್ತಿಯ ಮುಚ್ಚಳ ತೆಗೆದರೆ ತಲೆಯ ಒಳಭಾಗ ಕಾಣುತ್ತದೆ. ಸುಮಾರು 1890ಕ್ಕೆ ಮೊದಲಿನ ತಲೆಗಳಲ್ಲಿ ಅನೇಕವನ್ನು ಹಿಟ್ಟಿನಂಥ ಜೇಡಿಯನ್ನು ಕೈಯಿಂದ ಅಚ್ಚಿಗೆ ಒತ್ತಿ ಮಾಡಿದ್ದರಿಂದ ಒಳಮೈ ಉಬ್ಬುತಗ್ಗಾಗಿರುತ್ತದೆ, ಗೋಡೆಯ ದಪ್ಪವೂ ಏಕಸಮವಲ್ಲ. ಆಮೇಲೆ ತೆಳು ಜೇಡಿಯನ್ನು ಅಚ್ಚಿಗೆ ಸುರಿಯುವ ಕ್ರಮ ಬಂದು ಒಳಮೈ ನುಣುಪಾಯಿತು. ವಿಗ್ ತೆಗೆದಿರುವಾಗಲೇ ಕೋಣೆ ಕತ್ತಲು ಮಾಡಿ ತಲೆಯೊಳಗೆ ಪುಟ್ಟ ಟಾರ್ಚು ಹೊತ್ತಿಸಬೇಕು. ಪಿಂಗಾಣಿ ಬೆಳಕನ್ನು ಮಂದವಾಗಿ ಹಾಯಿಸುವುದರಿಂದ ಮುಖವೆಲ್ಲ ಮಾಸಲು ಹಳದಿಯಾಗಿ ಬೆಳಗುತ್ತದೆ. ಎಲ್ಲಾದರೂ ಕೂದಲೆಳೆಯ ಬಿರುಕಿದ್ದರೆ ಕಪ್ಪು ಗೆರೆಯಾಗಿ, ತೇಪೆ ಹಾಕಿದ್ದರೆ ಬೆಳಕು ಹಾಯದ ಕಲೆಯಾಗಿ ಎದ್ದು ಕಾಣುತ್ತದೆ. ಹೊರಗಿನಿಂದ ಬಣ್ಣ ಬಳಿದು ಮುಚ್ಚಿದ ದುರಸ್ತಿಯನ್ನು ನೇರಳಾತೀತ ಟಾರ್ಚು ಹಿಡಿದುಕೊಡುತ್ತದೆ, ಏಕೆಂದರೆ ಆಧುನಿಕ ಅಂಟು ಮತ್ತು ಬಣ್ಣಗಳು ಆ ಬೆಳಕಿಗೆ ಪಿಂಗಾಣಿಗಿಂತ ಬೇರೆ ರೀತಿ ಹೊಳೆಯುತ್ತವೆ. ಕೊಂಡುಕೊಳ್ಳುವ ಮೊದಲು ವಿಗ್ ತೆಗೆಯಲು ಬಿಡದ ಮಾರಾಟಗಾರರಿಂದ ದೂರವಿರುವುದು ಒಳ್ಳೆಯದು. ಮುಖದ ಮೇಲಿನ ಒಂದು ಬಿರುಕು ಬೆಲೆಯನ್ನು ಅರ್ಧಕ್ಕೂ ಇಳಿಸಬಲ್ಲದು.

ಹಿಂದಲೆಯ ಅಂಕಿಗಳನ್ನು ಇಸವಿಯೆಂದು ಓದುವುದು ಹೊಸಬರ ಸಾಮಾನ್ಯ ತಪ್ಪು. ಜರ್ಮನಿಯ ಸಿಮೋನ್ ಅಂಡ್ ಹಾಲ್ಬಿಗ್ ಕಾರ್ಖಾನೆಯ ಗೊಂಬೆಯ ಮೇಲಿನ 1079 ಅಚ್ಚಿನ ಸಂಖ್ಯೆಯೇ ಹೊರತು ಕಾಲವಲ್ಲ. ಕಾಲಕ್ಕೆ ಇನ್ನೂ ಗಟ್ಟಿಯಾದ ಸುಳಿವು 'ಜರ್ಮನಿ' ಎಂಬ ಪದ: ಅಮೆರಿಕದ 1890ರ ಮೆಕಿನ್ಲಿ ಸುಂಕ ಕಾಯಿದೆಯು ಆಮದು ವಸ್ತುಗಳ ಮೇಲೆ ಮೂಲ ದೇಶದ ಹೆಸರನ್ನು ಕಡ್ಡಾಯ ಮಾಡಿದ್ದರಿಂದ, ಆ ಪದವಿರುವ ತಲೆ ಬಹುಮಟ್ಟಿಗೆ 1891ರಿಂದೀಚಿನದು. ಪದ ಇಲ್ಲದಿರುವುದು ಮಾತ್ರ ಯಾವುದಕ್ಕೂ ಸಾಕ್ಷಿಯಲ್ಲ.

ಬೆಲೆಯ ವಿಷಯದಲ್ಲಿ ವಯಸ್ಸಿಗೆ ಸಲ್ಲುವ ಗೌರವ ನಾವೆಣಿಸುವಷ್ಟಿಲ್ಲ. ಆರ್ಮಾಂಡ್ ಮಾರ್ಸೆಯ್ ಕಾರ್ಖಾನೆಯ 390 ಅಚ್ಚಿನ ಗೊಂಬೆ ನೂರು ವರ್ಷ ದಾಟಿದರೂ ಅಗ್ಗವೇ, ಏಕೆಂದರೆ ಅದನ್ನು ದಶಕಗಳ ಕಾಲ ರಾಶಿ ರಾಶಿಯಾಗಿ ತಯಾರಿಸಿದರು. ಇದಕ್ಕೆ ವಿರುದ್ಧವಾಗಿ, ವಾಲ್ಟರ್ಸ್‌ಹೌಸೆನ್ ಊರಿನ ಕೆಮರ್ ಅಂಡ್ ರೈನ್‌ಹಾರ್ಟ್ ಕಂಪನಿ 1909ರಿಂದ ನಿಜವಾದ ಮಕ್ಕಳ ಮುಖಭಾವವಿರುವ ಗೊಂಬೆಗಳನ್ನು ಮಾಡತೊಡಗಿತು; ಅದರ ಪ್ರಯೋಗಗಳಲ್ಲೊಂದಾದ 108 ಅಚ್ಚಿನ ಗೊಂಬೆ 2014ರಲ್ಲಿ ಲಂಡನ್ನಿನ ಬೋನಮ್ಸ್ ಹರಾಜಿನಲ್ಲಿ 2,42,500 ಪೌಂಡಿಗೆ ಹೋಯಿತು. ಎರಡೂ ಒಂದೇ ಜೇಡಿಯ, ಒಂದೇ ಥುರಿಂಜಿಯಾ ಪ್ರಾಂತ್ಯದ ಕೂಸುಗಳು. ಒಂದರ ಜೊತೆಗಾರರು ಲೆಕ್ಕವಿಲ್ಲದಷ್ಟು, ಇನ್ನೊಂದಕ್ಕೆ ಜೊತೆಗಾರರೇ ಇಲ್ಲ. 'ಸೀಮಿತ ಆವೃತ್ತಿ' ಎಂಬ ಚೀಟಿಯೊಂದಿಗೆ 1980ರ ದಶಕದಿಂದೀಚೆಗೆ ಸಾವಿರಾರು ಸಂಖ್ಯೆಯಲ್ಲಿ ಮಾರಾಟವಾದ ಗೊಂಬೆಗಳು ಇಂದು ಕೊಂಡ ಬೆಲೆಗೂ ಹೋಗದಿರುವುದಕ್ಕೆ ಕಾರಣವೂ ಇದೇ: ಕೊಂಡವರೆಲ್ಲರೂ ಅವನ್ನು ಪೆಟ್ಟಿಗೆ ಬಿಚ್ಚದೆ ಜೋಪಾನ ಮಾಡಿಟ್ಟಿದ್ದಾರೆ.